ನೋಡಿ ಅಳಿಸುವ ಹನ್ನೊಂದು ಸಾಲು

ನನ್ನ ಕೆಲಸವನ್ನು ನಾನೇ ಹೊಗಳಿಕೊಂಡರೆ ಮನೆಯಲ್ಲಿ ಜಂಬದ ಕೋಳಿ ಅಂತ ನಗುತ್ತಾರೆ. ನಗಲಿ. ಇಪ್ಪತ್ತು ವರ್ಷದಿಂದ ತುಮಕೂರಿನಲ್ಲೇ ಕೂತು ಜಾವಾದಲ್ಲಿ ಪ್ರೋಗ್ರಾಮು ಬರೆಯುತ್ತಿದ್ದೇನೆ. ಎಷ್ಟು ಸಾಲು ಬರೆದಿದ್ದೇನೋ ಲೆಕ್ಕ ಇಟ್ಟಿಲ್ಲ. ಬಹಳಷ್ಟು ಯಾರು ಬೇಕಾದರೂ ಬರೆಯಬಹುದಾದದ್ದು, ಕೆಲವು ನಾನೇ ಮತ್ತೆ ನೋಡಲು ನಾಚುವಂಥದ್ದು. ಆದರೆ ಅದರಲ್ಲಿ ಹನ್ನೊಂದು ಸಾಲಿವೆ. ಅವುಗಳ ಮೇಲೆ ಯಾರಾದರೂ ಕೈ ಇಟ್ಟರೆ ಸೆರಗು ಸಿಕ್ಕಿಸಿಕೊಂಡು ಜಗಳಕ್ಕೆ ನಿಲ್ಲುತ್ತೇನೆ. ಎರಡು ಸಲ ನಿಂತೂ ಇದ್ದೇನೆ.

ಆ ಹನ್ನೊಂದು ಸಾಲು ಮಾಡುವುದು ಬಹಳ ಸಣ್ಣ ಕೆಲಸ. ಕಂಪ್ಯೂಟರಿನಲ್ಲಿ ಉಳಿಸಿಟ್ಟ ದಾಖಲೆಯನ್ನು ಅದರ ನಂಬರು ಹಿಡಿದು ಅಳಿಸುವುದು. ಇಷ್ಟಕ್ಕೆ ಇಷ್ಟು ಜಂಬವೇ ಅಂತ ಅನ್ನಿಸಿದರೆ ತಪ್ಪಿಲ್ಲ. ಅಳಿಸುವುದು ಬಲು ಸುಲಭ ಅಂತ ನಾನೂ ಒಂದು ಕಾಲದಲ್ಲಿ ನಂಬಿದ್ದೆ, ಅದಕ್ಕೆ ತಕ್ಕ ಪೆಟ್ಟೂ ತಿಂದೆ.

ನಮ್ಮ ಆಫೀಸು ಶೆಟ್ಟಿಹಳ್ಳಿಯಲ್ಲಿ, ಒಂದು ಹಿಟ್ಟಿನ ಗಿರಣಿಯ ಮೇಲಿನ ಮಹಡಿಯಲ್ಲಿದೆ. ಕೀಬೋರ್ಡಿನ ಸಂದಿಯಲ್ಲಿ ಸದಾ ರಾಗಿ ಹಿಟ್ಟಿನ ಧೂಳು. ಮಾಲೀಕರು, ನಾನು, ಮತ್ತೆ ಇನ್ನೊಬ್ಬ ಹುಡುಗಿ, ಇಷ್ಟೇ ಜನ. ಮಾಲೀಕರನ್ನು ನಾವು ಸಾರ್ ಅನ್ನುತ್ತೇವೆ. ಒಳ್ಳೆಯ ಮನುಷ್ಯ, ಆದರೆ ಆತುರಗಾರ. ಎಲ್ಲದಕ್ಕೂ ಇವತ್ತೇ ಸಂಜೆಯೊಳಗೆ ಅನ್ನುವುದು ಅವರ ಬಾಯಿಪಾಠ. ನಾವು ಮಾಡಿಕೊಟ್ಟ ಪ್ರೋಗ್ರಾಮುಗಳಲ್ಲಿ ದೊಡ್ಡದು ಊರಿನ ಒಂದು ಧರ್ಮಾರ್ಥ ಕಣ್ಣಿನ ಆಸ್ಪತ್ರೆಯದು. ಆಸ್ಪತ್ರೆ ಇರುವುದು ತುಮಕೂರಿನಲ್ಲಿ. ಗುಬ್ಬಿಯಲ್ಲೂ ಕುಣಿಗಲ್ಲಿನಲ್ಲೂ ತಿಂಗಳಿಗೊಮ್ಮೆ ಅವರ ಕ್ಯಾಂಪು ನಡೆಯುತ್ತದೆ. ಬಂದವರಿಗೆಲ್ಲ ನಂಬರಿರುವ ಒಂದು ಕಾರ್ಡು ಕೊಡುತ್ತಾರೆ. ಕಣ್ಣು ತೋರಿಸಿದಾಗಲೆಲ್ಲ ಆ ನಂಬರಿನಡಿ ಒಂದು ಭೇಟಿ ಸೇರುತ್ತದೆ. ಪ್ರೋಗ್ರಾಮು ಬರೆದವಳು ನಾನು.

ಇಲ್ಲಿ ಒಂದಿಷ್ಟು ನನ್ನ ಕಸುಬಿನ ಮಾತು ಹೇಳಬೇಕು, ಸಹಿಸಿಕೊಳ್ಳಿ. ಜಾವಾದಲ್ಲಿ ನಾವು ಬಳಸುವ ಒಂದು ಫ್ರೇಮ್‌ವರ್ಕ್ ಇದೆ. ಡೇಟಾಬೇಸಿನಲ್ಲಿ ಮಲಗಿರುವ ದಾಖಲೆಯನ್ನು ಎಬ್ಬಿಸಿ ತಂದು ನಮ್ಮ ಕೈಗೆ ಕೊಡುವುದು, ಕೆಲಸ ಮುಗಿದ ಮೇಲೆ ಮತ್ತೆ ಮಲಗಿಸುವುದು ಅದರ ಕೆಲಸ. ಪ್ರತಿ ದಾಖಲೆಗೂ ಒಂದು ಕೀ, ಅಂದರೆ ಒಂದು ನಂಬರು. ಅಳಿಸಬೇಕಾದರೆ ಅದರಲ್ಲಿ ಒಂದು ಪದ್ಧತಿ ಇದೆ. ಮೊದಲು ಕೀ ಕೊಟ್ಟು ದಾಖಲೆಯನ್ನು ತರಿಸಿಕೊಳ್ಳಬೇಕು, ಅದು ಕೈಗೆ ಬಂದ ಮೇಲೆ ಇದನ್ನು ತೆಗೆ ಅನ್ನಬೇಕು. ಬರೀ ನಂಬರು ತೋರಿಸಿ ತೆಗೆ ಅಂದರೆ ಒಪ್ಪುವುದಿಲ್ಲ. ಹೇಗೂ ಅಳಿಸುವುದನ್ನು ಮತ್ತೆ ಯಾಕೆ ತರಿಸಿಕೊಳ್ಳಬೇಕು, ಒಂದು ಕೆಲಸಕ್ಕೆ ಎರಡು ಓಡಾಟ ಅಂತ ಈ ಕಸುಬಿನವರೆಲ್ಲ ಗೊಣಗುತ್ತಾರೆ. ಗೊಣಗುವವರಿಗೆ ಅಡ್ಡದಾರಿಯೂ ಇದೆ. ಇಂತಿಂಥ ಕೀಗಳಿರುವುದೆಲ್ಲ ಅಳಿಸು ಅಂತ ಒಂದೇ ಸಾಲಿನ ಆಜ್ಞೆ ಕೊಟ್ಟರಾಯಿತು. ಒಳಗೆ ಏನಿತ್ತು ಅಂತ ಪ್ರೋಗ್ರಾಮಿಗೂ ಗೊತ್ತಾಗುವುದಿಲ್ಲ, ಬರೆದವರಿಗೂ ಗೊತ್ತಾಗುವುದಿಲ್ಲ.

ಎರಡು ವರ್ಷದ ಕೆಳಗೆ ಆಸ್ಪತ್ರೆಯ ಟ್ರಸ್ಟಿನವರು ತೀರಿಹೋದವರ ದಾಖಲೆ ಇಟ್ಟುಕೊಳ್ಳುವುದು ಬೇಡ ಅಂತ ತೀರ್ಮಾನಿಸಿದರು. ಮೊದಲು ಗುಬ್ಬಿ ತಾಲ್ಲೂಕು, ಆಮೇಲೆ ಕುಣಿಗಲ್. ಕ್ಯಾಂಪಿನ ಕಾರ್ಯಕರ್ತರು ಸಿ.ಎಸ್. ಪುರ, ಕಡಬ ಅಂತ ಹಳ್ಳಿ ಹಳ್ಳಿಗೆ ಹೋಗಿ, ಯಾರ ಮನೆಯಲ್ಲಿ ಯಾರು ಹೋದರು ಅಂತ ಕೇಳಿ, ಅವರ ಕಾರ್ಡಿನ ನಂಬರು ಬರೆದುಕೊಂಡು ಬಂದರು. ಪಟ್ಟಿ ನನ್ನ ಕೈಗೆ ಬಂತು. ಅದರಲ್ಲಿ ನಂಬರು ಮತ್ತು ತೀರಿಕೊಂಡ ತಾರೀಕು ಮಾತ್ರ ಇದ್ದವು, ಹೆಸರೂ ಇರಲಿಲ್ಲ.

"ಮೇಡಂ, ಇವತ್ತು ಸಾಯಂಕಾಲದೊಳ್ಗೆ ಕ್ಲೀನ್ ಮಾಡ್ಬಿಡಿ" ಅಂದರು ಸಾರ್. ಅಳಿಸಿ ಅಂದದ್ದು ಅವರು. ಹೇಗೆ ಅಂತ ಅವರು ಹೇಳಲಿಲ್ಲ. ಒಂದೇ ಸಾಲಿನ ದಾರಿ ಹಿಡಿದವಳು ನಾನು. ರೋಗಿಯ ದಾಖಲೆ ಹೋದರೆ ಅದಕ್ಕೆ ಅಂಟಿಕೊಂಡ ಭೇಟಿಗಳೂ ಹೋಗಬೇಕು ಅಂತ ಡೇಟಾಬೇಸಿಗೆ ಮೊದಲೇ ಹೇಳಿಟ್ಟಿದ್ದವಳೂ ನಾನೇ. ಪಟ್ಟಿಯನ್ನು ಆ ಸಾಲಿನೊಳಗೆ ತುರುಕಿ ಗುಂಡಿ ಒತ್ತಿದೆ. ಕಣ್ಣು ಮುಚ್ಚಿ ಬಿಡುವಷ್ಟರಲ್ಲಿ ಮುಗಿಯಿತು. ಸಾಯಂಕಾಲ ಯಾಕೆ, ಊಟದ ಹೊತ್ತಿಗೇ ಮುಗಿಸಿದೆ ನೋಡಿ ಅಂತ ಬೀಗಿದೆ. ಆ ಹುಡುಗಿಗೂ ಕರೆದು ತೋರಿಸಿದೆ, ಹೀಗೆ ಮಾಡಬೇಕು ಕೆಲಸ ಅಂತ.

ಎರಡು ತಿಂಗಳಾದ ಮೇಲೆ ಆಸ್ಪತ್ರೆಯ ಸಿಸ್ಟರ್ ಫೋನ್ ಮಾಡಿದರು. ಆಸ್ಪತ್ರೆಯಲ್ಲೂ ಕ್ಯಾಂಪುಗಳಲ್ಲೂ ಕಣ್ಣಿನ ಪ್ರೆಶರ್ ನೋಡಿ ಕಂಪ್ಯೂಟರಿಗೆ ಹಾಕುವವರು ಅವರೇ. "ಮೇಡಂ, ಕಡಬದಿಂದ ಒಬ್ರು ಬಂದವ್ರೆ. ಆರು ವರ್ಷದಿಂದ ಬರ್ತಾವ್ರೆ ಕಣ್ರೀ. ನಂಬರ್ ಹಾಕಿದ್ರೆ ರೆಕಾರ್ಡೇ ಇಲ್ಲ ಅಂತದೆ ನಿಮ್ಮ ಕಂಪ್ಯೂಟ್ರು" ಅಂದರು. ನಂಬರು ತಪ್ಪು ಒತ್ತಿರುತ್ತೀರಿ ಅಂತ ನಾನು ಗದರಿದೆ. ಮೂರು ಸಲ ಒತ್ತಿ ನೋಡಿದೀನಿ ಅಂದರು. ನಂಬರು ಕೇಳಿ ಬರೆದುಕೊಂಡು ಗುಬ್ಬಿಯ ಪಟ್ಟಿ ತೆಗೆದೆ. ಎರಡನೆಯ ಹಾಳೆಯಲ್ಲಿ ಅದೇ ನಂಬರಿತ್ತು. ಆಟೋ ಹತ್ತಿ ಆಸ್ಪತ್ರೆಗೆ ಹೋದೆ.

ಅರವತ್ತರ ಆಸುಪಾಸಿನ ಹೆಂಗಸು, ಬೆಂಚಿನ ತುದಿಯಲ್ಲಿ ಕೂತಿದ್ದರು. ಕೈಯಲ್ಲಿ ಪ್ಲಾಸ್ಟಿಕ್ ಕವರು, ಅದರೊಳಗೆ ಕಾರ್ಡು. ಕಾರ್ಡಿನ ಮೇಲೆ ಗಂಡಸಿನ ಹೆಸರಿತ್ತು.

"ಇದು ಯಾರ್ದಮ್ಮ?" ಅಂದೆ.

"ನಮ್ಮೆಜಮಾನ್ರುದು ಕಣವ್ವ. ವೋದ ವರ್ಷ ತೀರ್ಕೊಂಡ್ರು."

"ಮತ್ತೆ ನಿಮ್ದೆಲ್ಲಿ?"

"ಮನೆಗೊಂದೇ ಅಲ್ವೇನವ್ವ ಕಾರ್ಡು? ರೇಷನ್ ಕಾರ್ಡು ಆಳಿಗೊಂದು ಕೊಟ್ಟವ್ರಾ?"

ಆಕೆ ತಮಾಷೆ ಮಾಡುತ್ತಿರಲಿಲ್ಲ. ಪಕ್ಕದಲ್ಲಿದ್ದ ಸಿಸ್ಟರ್ ತಲೆ ತಗ್ಗಿಸಿದರು. ಆಗ ಒಂದೊಂದಾಗಿ ಹೊರಗೆ ಬಂತು. ಹಳ್ಳಿಯಿಂದ ಬರುವ ಎಷ್ಟೋ ಮನೆಯವರು ಹೀಗೇ ಮಾಡುತ್ತಿದ್ದರು. ಮೊದಲು ಬಂದವರ ಹೆಸರಿನಲ್ಲಿ ಒಂದು ಕಾರ್ಡಾದರೆ ಅದು ಮನೆಯ ಕಾರ್ಡು. ಹೆಂಡತಿ ಬಂದರೂ ಅದೇ, ಅತ್ತೆ ಬಂದರೂ ಅದೇ. ಹೊಸದು ಮಾಡಿಸಬೇಕಾದರೆ ಇನ್ನೊಂದು ಕ್ಯೂ ನಿಲ್ಲಬೇಕು, ಅಷ್ಟರಲ್ಲಿ ಊರಿನ ಬಸ್ಸು ಹೋಗುತ್ತದೆ. ಸಿಸ್ಟರಿಗೂ ಕ್ಯೂ ಬೇಗ ಕರಗಿದರೆ ಸಾಕು. ಯಾರ ಭೇಟಿ ಅಂತ ಗೊತ್ತಾಗಲು ಷರಾ ಬರೆಯುವ ಜಾಗದಲ್ಲಿ ಹೆಂಡತಿ ಅಂತ ಒಂದು ಪದ ಹಾಕುತ್ತಿದ್ದರಂತೆ. ಅಂದರೆ ಆ ದಾಖಲೆಯನ್ನು ನಾನು ಒಂದೇ ಒಂದು ಸಲ ತೆರೆದು ನೋಡಿದ್ದರೆ ಕಣ್ಣಿಗೆ ರಾಚುವಂತೆ ಕಾಣುತ್ತಿತ್ತು. ಸಾಲದ್ದಕ್ಕೆ ಯಜಮಾನರು ತೀರಿಕೊಂಡ ಮೇಲೂ ಆಕೆ ಅದೇ ನಂಬರಿನಲ್ಲಿ ನಾಲ್ಕು ಸಲ ಕಣ್ಣು ತೋರಿಸಿದ್ದರು. ಸತ್ತವರು ಎದ್ದು ಬಂದು ಕಣ್ಣು ತೋರಿಸುತ್ತಾರೆಯೇ ಅಂತ ಯಾರಾದರೂ ಕೇಳಬೇಕಿತ್ತು. ಕೇಳಬೇಕಾದವಳು ನಾನು.

ಡಾಕ್ಟರು ಹೊಸಬರು, ಬಂದು ಒಂದು ವಾರವಾಗಿತ್ತು. ಅವರು ಕೂಗಾಡಲಿಲ್ಲ, ಅದೇ ಇನ್ನೂ ಕಷ್ಟವಾಯಿತು. ನಿಧಾನವಾಗಿ ಬಿಡಿಸಿ ಹೇಳಿದರು. ಆಕೆಗೆ ಗ್ಲಾಕೋಮಾ, ಕಣ್ಣೊಳಗಿನ ಪ್ರೆಶರ್ ಏರಿ ನರ ಸಾಯುವ ಕಾಯಿಲೆ. ಹೋದ ದೃಷ್ಟಿ ಮತ್ತೆ ಬರುವುದಿಲ್ಲ, ಇರುವುದನ್ನು ಕಾಯಬೇಕು. ಎಡಗಣ್ಣಿನ ಪ್ರೆಶರ್ ಇವತ್ತು ಇಪ್ಪತ್ನಾಲ್ಕು ಇದೆ. ಮೊದಲು ಮೂವತ್ತೈದು ಇದ್ದು ಡ್ರಾಪ್ಸಿನಿಂದ ಇಪ್ಪತ್ನಾಲ್ಕಕ್ಕೆ ಇಳಿದಿದ್ದರೆ ಔಷಧ ಹಿಡಿಯುತ್ತಿದೆ ಅಂತ ಅರ್ಥ, ಇನ್ನೊಂದು ಡ್ರಾಪ್ಸ್ ಸೇರಿಸಿ ನೋಡಬಹುದು. ಹದಿನೇಳು ಇದ್ದದ್ದು ಡ್ರಾಪ್ಸ್ ಹಾಕುತ್ತಿದ್ದರೂ ಇಪ್ಪತ್ನಾಲ್ಕಕ್ಕೆ ಏರಿದ್ದರೆ ಆಪರೇಷನ್ ಮಾಡದೆ ಬೇರೆ ದಾರಿಯಿಲ್ಲ. ಬೇಡದ ಕಣ್ಣಿಗೆ ಕತ್ತರಿ ಹಾಕಿದರೂ ಅಪಾಯ, ಬೇಕಾದ ಕಣ್ಣಿಗೆ ಹಾಕದಿದ್ದರೂ ಅಪಾಯ.

"ಹಳೇ ರೀಡಿಂಗ್ ಇದ್ರೆ ಈಗ್ಲೇ ಹೇಳ್ಬಿಡ್ತಿದ್ದೆ. ಮುಂದಿನ ಗುರುವಾರದವರ್ಗೂ ಟೈಮ್ ಇದೆ. ಏನಾದ್ರೂ ಸಿಕ್ಕುತ್ತಾ ನೋಡಿ" ಅಂದರು.

ಆಫೀಸಿಗೆ ಬಂದು ಬ್ಯಾಕಪ್ ಹುಡುಕಿದೆ. ನಾವು ಹದಿನೈದು ದಿನದ್ದು ಮಾತ್ರ ಇಡುತ್ತಿದ್ದೆವು, ಹಳೆಯದರ ಮೇಲೆ ಹೊಸದು ಕೂರುತ್ತಿತ್ತು. ಎರಡು ತಿಂಗಳ ಹಿಂದಿನದು ಎಲ್ಲಿ ಸಿಗಬೇಕು. ನೋಟದ ಪರೀಕ್ಷೆಯ ಚಿತ್ರಗಳೂ ಅದೇ ಭೇಟಿಗಳ ಜೊತೆ ಹೋಗಿದ್ದವು. ಆಕೆಯ ಹತ್ತಿರ ಇದ್ದ ಚೀಟಿಗಳಲ್ಲಿ ಡ್ರಾಪ್ಸಿನ ಹೆಸರು ಬಿಟ್ಟರೆ ಏನೂ ಇರಲಿಲ್ಲ. ಎಲ್ಲ ಕಂಪ್ಯೂಟರಿನಲ್ಲಿ ಇದೆಯಲ್ಲ, ಕಾಗದ ಯಾಕೆ ಅಂತ ಪ್ರಿಂಟ್ ನಿಲ್ಲಿಸಿದ್ದೂ ನಮ್ಮ ಸಲಹೆಯ ಮೇಲೇ.

ಸಾರ್ ನನ್ನ ಮುಖ ನೋಡಿ, "ಟೆನ್ಷನ್ ತಗೋಬೇಡಿ ಮೇಡಂ. ಸರ್ವರ್ ಪ್ರಾಬ್ಲಮ್ ಆಗಿತ್ತು ಅಂತ ಹೇಳ್ಬಿಡೋಣ. ಯಾರು ನೋಡಕ್ಕೆ ಬರ್ತಾರೆ" ಅಂದರು.

"ಸರ್ವರ್ ಏನೂ ಮಾಡಿಲ್ಲ ಸಾರ್. ನಾನು ಮಾಡಿದ್ದು" ಅಂದೆ.

"ಅದನ್ನ ಹೇಳ್ಕೊಂಡು ತಿರುಗ್ತೀರಾ?"

"ಹೌದು."

ನನ್ನ ಧ್ವನಿ ಗಿರಣಿಯ ಸದ್ದನ್ನೂ ಮೀರಿ ಕೆಳಗೆ ಕೇಳಿಸಿತಂತೆ. ಆ ದಿನ ನನಗೆ ಸಾರ್ ಮೇಲಿದ್ದದ್ದಕ್ಕಿಂತ ನನ್ನ ಮೇಲೇ ಹೆಚ್ಚು ಸಿಟ್ಟು. ನಮ್ಮ ಅಬ್ಬಾ ಹಾಸಿಗೆ ಹೊಲಿದು ಮನೆ ನಡೆಸಿದವರು. ಹಳೆಯ ದಿಂಬು, ಹಾಸಿಗೆ ಬಿಚ್ಚಿ ಹತ್ತಿ ಹಿಂಜುವ ಮುಂಚೆ, ಯಾರ ಮನೆಯದೇ ಇರಲಿ, ಮೊಣಕೈವರೆಗೆ ಕೈ ಹಾಕಿ ಒಳಗೆಲ್ಲ ತಡಕಾಡುತ್ತಿದ್ದರು. ದಿಂಬಿನೊಳಗೆ ಹೆಂಗಸರು ಏನೇನು ಬಚ್ಚಿಟ್ಟಿರುತ್ತಾರೋ ಅಂತ. ಒಂದು ಸಲ ಒಂದು ಜೊತೆ ಕಾಲುಂಗುರ ಸಿಕ್ಕಿ, ಅರ್ಧ ಊರು ದಾಟಿ ಹೋಗಿ ಕೊಟ್ಟು ಬಂದಿದ್ದರು. ಅಂಥವರ ಮಗಳು ನಾನು, ತೆರೆದೂ ನೋಡದೆ ಒಬ್ಬರ ಆರು ವರ್ಷವನ್ನು ಹಿಂಜಿ ಹಾಕಿದ್ದೆ.

ಮಾರನೆಯ ದಿನ ಬೆಳಿಗ್ಗೆ ಗುಬ್ಬಿ ಬಸ್ಸು ಹತ್ತಿದೆ, ಅಲ್ಲಿಂದ ಕಡಬಕ್ಕೆ. ಆಕೆಗೆ ನಿಜ ಹೇಳುವುದು ಒಂದು, ಮನೆಯಲ್ಲಿ ಎಲ್ಲಾದರೂ ಒಂದು ತುಂಡು ಕಾಗದ ಸಿಗುತ್ತದೆಯೋ ನೋಡುವುದು ಇನ್ನೊಂದು. ಕೆರೆ ಏರಿಯ ಮೇಲೆ ಬಸ್ಸು ಹೋಗುವಾಗ ಏನು ಹೇಳಬೇಕು ಅಂತ ಮನಸ್ಸಿನಲ್ಲೇ ಜೋಡಿಸಿಕೊಂಡೆ. ಮನೆಯ ಮುಂದೆ ನಿಂತಾಗ ಜೋಡಿಸಿದ್ದೆಲ್ಲ ಚೆದುರಿಹೋಯಿತು.

ಆಕೆ ಚಾಪೆ ಹಾಸಿ ಕೂರಿಸಿದರು. ತಲೆಗೆ ನಾನು ಕಟ್ಟಿದ್ದ ಸ್ಕಾರ್ಫ್ ನೋಡಿ, "ಸಾಬ್ರೋರೇನವ್ವ ನೀನು? ಕನ್ನಡ ಚಂದಾಗಿ ಮಾತಾಡ್ತೀಯ" ಅಂದರು. ಈ ಹೊಗಳಿಕೆ ಕೇಳಿದಾಗಲೆಲ್ಲ ನನಗೆ ರೇಗುತ್ತದೆ. "ಹುಟ್ಟಿದ್ದು ತುಮಕೂರಲ್ಲೇ ಅಮ್ಮ, ಇನ್ನೇನ್ ಮಾತಾಡ್ಲಿ" ಅಂದೆ. ಅವರು ನಕ್ಕುಬಿಟ್ಟರು. ಆ ನಗುವಿನ ನಡುವೆಯೇ ಹೇಳಿದೆ.

"ಅಮ್ಮ, ನಿಮ್ಮ ಕಣ್ಣಿನ ಲೆಕ್ಕ ಎಲ್ಲಾ ಅಳ್ಸಿದ್ದು ನಾನು. ಯಜಮಾನ್ರು ನಂಬರ್ ಅಂತ ಅಳ್ಸಿದೆ. ಒಳ್ಗೆ ನಿಮ್ದೂ ಇದೆ ಅಂತ ನೋಡ್ಲಿಲ್ಲ."

ಬೈಯುತ್ತಾರೆ ಅಂದುಕೊಂಡಿದ್ದೆ. ಆಕೆ, "ಅವ್ರುದು ಅಳ್ಸಿದ್ದು ಸರಿ ಬುಡು. ವೋದೋರ್ಗೆ ಕಣ್ಣಿನ ಡಾಕ್ಟ್ರು ಯಾಕೆ? ಆದ್ರೆ ಅಳ್ಸಾಕ್ ಮುಂಚೆ ಒಂದ್ಕಿತ ನೋಡ್ಬೇಕಾಗಿತ್ತು ಕಣವ್ವ ನೀನು" ಅಂದರು.

ಅಷ್ಟೇ ಹೇಳಿದ್ದು. ಇಷ್ಟು ವರ್ಷದಲ್ಲಿ ನನ್ನ ಕೆಲಸದಲ್ಲಿ ತಪ್ಪು ಹುಡುಕಿದವರು ಬಹಳ ಜನ, ಇಷ್ಟು ಸರಿಯಾಗಿ ತಪ್ಪಿನ ಮೇಲೇ ಬೆರಳಿಟ್ಟವರು ಇನ್ನೊಬ್ಬರಿಲ್ಲ. ನನಗೆ ಅಳು ಬಂತು. ತಡೆಯಲು ಹೋಗಲಿಲ್ಲ, ಅತ್ತೆ.

ಆಕೆ ಎದ್ದು ಕಾಫಿಗಿಟ್ಟರು. ನಾನು ಕಣ್ಣೊರೆಸಿಕೊಂಡು, ಯಜಮಾನರು ಎಲ್ಲಾದರೂ ಏನಾದರೂ ಬರೆದಿಡುತ್ತಿದ್ದರೇ ಅಂತ ಕೇಳಿದೆ. "ಬರಿಯೋದಾ? ಅವ್ರ್ಗೆ ಅದೇ ಕೆಲ್ಸ" ಅಂದರು. ಯಜಮಾನರು ಪಂಚಾಯ್ತಿಯಲ್ಲಿ ನೀರುಗಂಟಿಯಾಗಿದ್ದರು. ಮೋಟರು ಹಾಕಿ, ಯಾವ ಬೀದಿಗೆ ಎಷ್ಟು ಹೊತ್ತು ನೀರು ಬಿಟ್ಟೆ ಅಂತ ಬರೆದಿಡದಿದ್ದರೆ ಊರಿನವರು ಬಿಡುವುದಿಲ್ಲ. ಮೇಲಿನ ಬೀದಿಗೆ ಬಿಟ್ಟೆ, ನಮಗೆ ಯಾಕೆ ಬಿಡಲಿಲ್ಲ ಅಂತ ದಿನಾ ತಗಾದೆ. ಅದಕ್ಕೇ ಬಾಗಿಲ ಪಕ್ಕದ ಕ್ಯಾಲೆಂಡರಿನಲ್ಲಿ ಆಯಾ ತಾರೀಕಿನ ಚೌಕದೊಳಗೇ ಬರೆಯುತ್ತಿದ್ದರಂತೆ. ತಗಾದೆಗೆ ಬಂದವರಿಗೆ ಗೋಡೆ ತೋರಿಸಿದರೆ ಮುಗಿಯಿತು.

ಆ ಮನೆಯಲ್ಲೂ ಎಲ್ಲ ಮನೆಗಳ ಹಾಗೆ ಹಳೆಯ ಕ್ಯಾಲೆಂಡರು ತೆಗೆಯದೆ ಅದೇ ಮೊಳೆಗೆ ಹೊಸದು ನೇತು ಹಾಕುವ ರೂಢಿ. ಮೇಲಿನದು ಈ ವರ್ಷದ್ದು. ಅದನ್ನೆತ್ತಿದರೆ ಹೋದ ವರ್ಷದ್ದು, ಅದರ ಹಿಂದೆ ಅದರ ಹಿಂದಿನದು. ಒಟ್ಟು ಏಳು. ಹಾಳೆ ತಿರುವಿದೆ. ನೀಲಿ ಪೆನ್ನಿನಲ್ಲಿ ಇರುವೆ ಸಾಲಿನಂಥ ಅಕ್ಷರ. ಮೋಟರು ಆರರಿಂದ ಎಂಟು. ಕೆರೆ ಬೀದಿ ಇಲ್ಲ. ಕರೆಂಟಿಲ್ಲ. ವಾಲ್ವ್ ರಿಪೇರಿ. ಹೀಗೇ ತಿರುವುತ್ತಾ ಹೋದಾಗ ಒಂದು ಗುರುವಾರದ ಚೌಕದಲ್ಲಿ ಕಂಡಿತು: ನಂದು 15-15, ಇವಳ್ದು ಬಲ 16 ಎಡ 17.

ಇನ್ನೊಂದು ತಿಂಗಳು ತಿರುವಿದೆ. ಇವಳ್ದು ಬಲ 16 ಎಡ 18. ಸಿಸ್ಟರ್ ಪ್ರೆಶರ್ ನೋಡಿ ಬಾಯಲ್ಲಿ ಹೇಳುತ್ತಿದ್ದದ್ದನ್ನು ಕೇಳಿಕೊಂಡು ಬಂದು, ಊರಿನ ನೀರು ಬರೆಯುವ ಜಾಗದಲ್ಲೇ ಹೆಂಡತಿಯ ಕಣ್ಣನ್ನೂ ಬರೆದಿಟ್ಟಿದ್ದರು. ಒಂದು ಭೇಟಿಯನ್ನೂ ಬಿಟ್ಟಿರಲಿಲ್ಲ. ವರ್ಷದಿಂದ ವರ್ಷಕ್ಕೆ ಎಡಗಣ್ಣು ಹದಿನೇಳು, ಹದಿನೆಂಟು, ಹದಿನೆಂಟು, ಇಪ್ಪತ್ತು, ಇಪ್ಪತ್ತೊಂದು. ಅವರು ಹೋದ ಮೇಲಿನ ಹಾಳೆಗಳಲ್ಲಿ ಅಕ್ಷರವಿರಲಿಲ್ಲ. ಓದು ಬರಹ ಬಾರದ ಆಕೆ ತಾನು ಆಸ್ಪತ್ರೆಗೆ ಹೋದ ದಿನ ಚೌಕದೊಳಗೆ ಕಾಡಿಗೆಯಲ್ಲಿ ಒಂದು ಚುಕ್ಕಿ ಇಟ್ಟಿದ್ದರು.

"ಅಮ್ಮ, ಇದನ್ನ ನಾನು ತಗೊಂಡೋಗ್ಲಾ? ವಾಪಸ್ ತಂದುಕೊಡ್ತೀನಿ" ಅಂದೆ.

"ತಗೊಂಡೋಗು. ಈ ವರ್ಷದ್ದು ಮಾತ್ರ ಬುಟ್ಟೋಗು, ಹಬ್ಬ ಯಾವತ್ತು ಅಂತ ಪಕ್ಕದ್ಮನೆಯೋರ್ಗೆ ಬೇಕು" ಅಂದರು. ಈ ವರ್ಷದ್ದರಲ್ಲಿದ್ದ ಚುಕ್ಕಿಗಳನ್ನು ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡೆ.

ಆರು ಕ್ಯಾಲೆಂಡರು ಸುರುಳಿ ಸುತ್ತಿ, ಕಂಕುಳಲ್ಲಿ ಹಿಡಿದು ಬಸ್ಸಿನಲ್ಲಿ ನೇರ ಆಸ್ಪತ್ರೆಗೆ ಬಂದೆ. ಸಿಸ್ಟರ್ ಪಕ್ಕದಲ್ಲಿ ಕೂತು ಒಂದೊಂದು ತಾರೀಕಿಗೂ ಆಸ್ಪತ್ರೆಯ, ಕ್ಯಾಂಪಿನ ದಿನ ತಾಳೆ ನೋಡಿದರು. ಒಂದೂ ತಪ್ಪಿರಲಿಲ್ಲ. ಆ ದಿನ ಮೊದಲ ಬಾರಿಗೆ ಆಕೆಯದೇ ಹೆಸರಿನಲ್ಲಿ, ಆಕೆಯದೇ ನಂಬರಿನಲ್ಲಿ ಒಂದು ದಾಖಲೆ ಮಾಡಿದೆ. ಅಳಿಸಿದ ಕೈಯಲ್ಲೇ ಒಂದೊಂದಾಗಿ ಭೇಟಿ ಸೇರಿಸಿದೆ. ಗುರುವಾರ ಡಾಕ್ಟರು ಪರದೆ ನೋಡಿದ್ದು ಕಡಿಮೆ. ಕ್ಯಾಲೆಂಡರುಗಳನ್ನೇ ಮೇಜಿನ ಮೇಲೆ ಹರಡಿಕೊಂಡು ಬೆರಳಿಟ್ಟು ಓದಿದರು. ಡ್ರಾಪ್ಸ್ ಬಿಡದೆ ಹಾಕುತ್ತಿದ್ದರೂ ಎಡಗಣ್ಣಿನದು ವರ್ಷ ವರ್ಷಕ್ಕೆ ಏರಿದೆ, ಅನುಮಾನವೇ ಇಲ್ಲ, ಆಪರೇಷನ್ ಮಾಡೋಣ ಅಂದರು. ಆಕೆಗೆ ಶುಗರ್ ಇದ್ದದ್ದರಿಂದ ಅದು ಹತೋಟಿಗೆ ಬಂದ ಮೇಲೆ ಅಂತ ಮೂರು ವಾರದ ಆಚೆ ದಿನ ಕೊಟ್ಟರು.

ಆ ಮೂರು ವಾರದಲ್ಲಿ ನಾನು ಆ ಹನ್ನೊಂದು ಸಾಲು ಬರೆದೆ. ಅವುಗಳಲ್ಲಿ ಜಾಣತನ ಏನೂ ಇಲ್ಲ. ಕೀ ಕೊಟ್ಟು ದಾಖಲೆಯನ್ನು ತರಿಸಿಕೋ. ಇಲ್ಲದಿದ್ದರೆ ಇಲ್ಲ ಅಂತ ಹೇಳು, ಸುಮ್ಮನೆ ಮುಂದೆ ಹೋಗಬೇಡ. ಇದ್ದರೆ ಅದರ ಭೇಟಿಗಳನ್ನು ನೋಡು. ತೀರಿಕೊಂಡ ತಾರೀಕಿನ ಆಚೆ ಒಂದಾದರೂ ಭೇಟಿಯಿದ್ದರೆ, ಅಥವಾ ಷರಾದಲ್ಲಿ ಹೆಂಡತಿ, ಅಮ್ಮ, ಸೊಸೆ ಅಂತ ಯಾರದಾದರೂ ಸುಳಿವಿದ್ದರೆ, ಅಲ್ಲೇ ನಿಲ್ಲು, ಮನುಷ್ಯರನ್ನು ಕೇಳು. ಎಲ್ಲ ಸರಿಯಿದ್ದರೆ ಮಾತ್ರ ಕೈಯಲ್ಲಿರುವುದನ್ನು ತೆಗೆ. ಒಂದೇ ಸಾಲಿನ ಆಜ್ಞೆ ಇನ್ನು ಮುಂದೆ ಯಾರಿಗೂ ಸಿಗದಂತೆ ಪ್ರೋಗ್ರಾಮಿನಿಂದಲೇ ಕಿತ್ತು ಹಾಕಿದೆ.

ಸಾರ್ ಮುಖ ಸಿಂಡರಿಸಿದರು. "ಇದು ಎತ್ತಿನ ಗಾಡಿ ಥರ ಹೋಗ್ತದೆ ಮೇಡಂ. ಒಂದೇ ಕ್ವೆರೀಲಿ ಆಗೋದಕ್ಕೆ ಒಂದೊಂದೇ ತರಿಸ್ಕೊಂಡು ನೋಡ್ತಾ ಕೂರೋದಾ?"

"ಕೂರೋದೇ ಸಾರ್."

"ಕುಣಿಗಲ್ ಲಿಸ್ಟ್ ನಾಳೆ ಕೊಡ್ಬೇಕು."

"ನಾಡಿದ್ದು ಕೊಡೋಣ. ಸತ್ತೋರ್ಗೇನು ಅರ್ಜೆಂಟಾ?"

ಅವರು ಒಂದು ದಿನ ಮಾತು ಬಿಟ್ಟರು. ನಾನೂ ಬಿಟ್ಟೆ. ನಡುವೆ ಸಿಕ್ಕ ಆ ಹುಡುಗಿ ಇಬ್ಬರಿಗೂ ಟೀ ತಂದಿಟ್ಟು ಸುಸ್ತಾದಳು. ಕೊನೆಗೆ ಕುಣಿಗಲ್ಲಿನ ಪಟ್ಟಿಯನ್ನು ನನ್ನ ದಾರಿಯಲ್ಲೇ ಓಡಿಸಿದೆವು. ಹತ್ತು ನಂಬರು ಸರಾಗವಾಗಿ ಹೋದವು, ಹನ್ನೊಂದನೆಯದಕ್ಕೆ ಪ್ರೋಗ್ರಾಮು ನಿಂತಿತು. ಸಾರ್ ನನ್ನ ಬೆನ್ನ ಹಿಂದೆಯೇ ನಿಂತಿದ್ದರು. ದಾಖಲೆ ತೆರೆದು ನೋಡಿದರೆ, ಕಾರ್ಡಿನಲ್ಲಿದ್ದ ಮುದುಕರು ತೀರಿಕೊಂಡು ಎಂಟು ತಿಂಗಳಾಗಿತ್ತು, ಹೋದ ತಿಂಗಳು ಅದೇ ನಂಬರಿನಲ್ಲಿ ಯಾರೋ ಪೊರೆ ತೋರಿಸಿಕೊಂಡು ಹೋಗಿದ್ದರು. ಆಸ್ಪತ್ರೆಯಿಂದ ಬಂದು ಪಕ್ಕದಲ್ಲಿ ಕೂತಿದ್ದ ಸಿಸ್ಟರ್ ಆ ಮನೆಗೆ ಫೋನು ಹಚ್ಚಿದರು. ಆ ಕಡೆಯಿಂದ ಬಂದದ್ದು ಸೊಸೆಯ ದನಿ. ಸಂಜೆಯ ಹೊತ್ತಿಗೆ ಹಾಗೆ ಒಂಬತ್ತು ಕಡೆ ನಿಂತಿತ್ತು. ಒಂಬತ್ತು ಮನೆಗಳಲ್ಲೂ ಹೋದವರ ನಂಬರಿನಡಿ ಬದುಕಿರುವವರು ಕೂತಿದ್ದರು. ಒಬ್ಬೊಬ್ಬರಿಗೂ ಅವರವರ ಹೆಸರಿನ ಕಾರ್ಡು ಮಾಡಿ, ಅವರವರ ಭೇಟಿಗಳನ್ನು ಅವರವರ ಕೆಳಗೆ ಸರಿಸಿ, ಆಮೇಲೆ ತೀರಿಹೋದವರನ್ನು ಮರ್ಯಾದೆಯಿಂದ ಅಳಿಸಿದೆ.

ಆಸ್ಪತ್ರೆಯವರಿಗೆ ಕಾಗದ ಬರೆಯುವಾಗ, ಗುಬ್ಬಿಯಲ್ಲಿ ಆದದ್ದು ನಮ್ಮ ಆಫೀಸಿನ ತಪ್ಪು, ಆ ಪಟ್ಟಿಯ ಉಳಿದ ಮನೆಗಳನ್ನೂ ವಿಚಾರಿಸುತ್ತೇವೆ ಅಂತ ಸಾರ್ ತಾವೇ ಬರೆದು ಸಹಿ ಹಾಕಿದರು. ಅದಾದ ಮೇಲೆ ಅವರ ಆತುರದ ಮೇಲೆ ನನಗಿದ್ದ ಸಿಟ್ಟು ಅರ್ಧ ಇಳಿಯಿತು.

ಆಪರೇಷನ್ ಆಗಿ ಒಂದು ತಿಂಗಳಿಗೆ ಆಕೆ ತೋರಿಸಲು ಬರುವ ದಿನ ನಾನೂ ಆಸ್ಪತ್ರೆಗೆ ಹೋದೆ. ಕೆಲಸವೇನೂ ಇರಲಿಲ್ಲ. ತೆಂಗಿನಕಾಯಿ ತುಂಬಿದ ಚೀಲ ಕಾಲ ಬಳಿ ಇಟ್ಟುಕೊಂಡು ಆಕೆ ಬೆಂಚಿನ ಮೇಲೆ ಕೂತಿದ್ದರು, ನನಗೆ ಅಂತ ತಂದದ್ದು. ಕೌಂಟರಿನವರು ಒಂದು ಹೆಸರು ಕೂಗಿದರು. ಯಾರೂ ಏಳಲಿಲ್ಲ. ಮತ್ತೆ ಕೂಗಿದರು. ಆಕೆ, ಬೇರೆ ಯಾರನ್ನೋ ಕರೆಯುತ್ತಿದ್ದಾರೆ ಅಂತ ಬಾಗಿಲ ಕಡೆ ನೋಡುತ್ತಾ ಕೂತೇ ಇದ್ದರು. ಅದು ಅವರದೇ ಹೆಸರು. ಆರು ವರ್ಷ ಆ ಆಸ್ಪತ್ರೆಯಲ್ಲಿ ಗಂಡನ ಹೆಸರು ಕೂಗಿದಾಗಲೇ ಎದ್ದು ಹೋಗಿ ರೂಢಿ.

ನಾನು ಭುಜ ಮುಟ್ಟಿ, "ಅಮ್ಮ, ನಿಮ್ಮನ್ನೇ ಕರೀತಿರೋದು" ಅಂದೆ.

"ನನ್ನಾ?" ಅಂತ ಎದ್ದರು. ಸೆರಗು ಸರಿಮಾಡಿಕೊಂಡು, ಹೊಸ ಕಾರ್ಡನ್ನು ಎಲ್ಲರಿಗೂ ಕಾಣುವ ಹಾಗೆ ಹಿಡಿದುಕೊಂಡು ಒಳಗೆ ಹೋದರು.

ಹತ್ತು ನಿಮಿಷಕ್ಕೆ ಹೊರಗೆ ಬಂದರು. ಎಡಗಣ್ಣಿನ ಪ್ರೆಶರ್ ಹದಿಮೂರಕ್ಕೆ ಇಳಿದಿತ್ತು. ಉಳಿದಿರುವ ದೃಷ್ಟಿ ಉಳಿಯುತ್ತದೆ ಅಂತ ಡಾಕ್ಟರು ಹೇಳಿದ್ದರು. ನನಗೆ ಕುಣಿಯುವಷ್ಟು ಸಂತೋಷವಾಯಿತು, ಕುಣಿಯುವ ವಯಸ್ಸಲ್ಲ ಅಂತ ಸುಮ್ಮನಿದ್ದೆ. ಈ ಊರಿನಲ್ಲಿ, ಆ ಗಿರಣಿಯ ಮೇಲೆ ಕೂತು ಇಷ್ಟು ವರ್ಷ ಕೀಬೋರ್ಡು ಕುಟ್ಟಿದ್ದು ಸಾರ್ಥಕ ಅಂತ ಮೊದಲ ಸಲ ಅನ್ನಿಸಿತು. ಹಾಗಂತ ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಗುಬ್ಬಿ ಬಸ್ಸಿಗೆ ಹತ್ತಿಸಲು ಜೊತೆಗೆ ಹೋದೆ. ಮೆಟ್ಟಿಲ ಮೇಲೆ ಒಂದು ಕಾಲಿಟ್ಟವರು ತಿರುಗಿ ನಿಂತರು.

"ಏನವ್ವ, ನಾನು ವೋದ್ಮೇಲೆ ನಂದೂ ಅಳುಸ್ತಾರಾ?"

ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಹೂಂ ಅಮ್ಮ, ಅಳ್ಸಬೇಕಾಗ್ತದೆ" ಅಂದೆ.

"ಅಳ್ಸು ಬುಡು, ಅದಕ್ಕೇನು. ಆದ್ರೆ ಬ್ಯಾರೆಯೋರ್ ಕೈಗೆ ಕೊಡ್ಬ್ಯಾಡ. ನೀನೇ ಅಳ್ಸು. ಒಂದ್ಕಿತ ಪೂರ್ತಿ ಓದ್ಬುಟ್ಟು ಅಳ್ಸು."

ಆಗಲಿ ಅಮ್ಮ ಅಂದೆ. ಕಂಡಕ್ಟರು ಸೀಟಿ ಊದಿದ, ಆಕೆ ಒಳಗೆ ಹೋಗಿ ಕಿಟಕಿಯ ಪಕ್ಕ ಕೂತರು.